ಹೆಸರುಗಳನ್ನು ಕಾದಿಟ್ಟ ಊರು: ಈಮ್ ಗ್ರಾಮದ ಪುಟ್ಟ ವಸ್ತುಸಂಗ್ರಹಾಲಯ



ಮೂವತ್ತಮೂರು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿದ ನನಗೆ, ವಸ್ತುಸಂಗ್ರಹಾಲಯವೆಂದೊಡನೆ ನೆನಪಿಗೆ ಬರುತ್ತಿದ್ದುದು ಶಾಲಾ ಪ್ರವಾಸದ ದಿನಗಳೇ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ, ಹೈದರಾಬಾದಿನ ಸಾಲಾರ್ ಜಂಗ್, ಎರಡು ಸಾಲಿನಲ್ಲಿ ನಿಂತ ಮಕ್ಕಳು, 'ಮುಟ್ಟಬೇಡಿ' ಎಂಬ ಫಲಕ, ಮಧ್ಯಾಹ್ನದ ಚಿತ್ರಾನ್ನದ ಪೊಟ್ಟಣ. ಅರಸರ ಕತ್ತಿ, ಶಾಸನದ ಕಲ್ಲು, ಭಗ್ನ ವಿಗ್ರಹಗಳನ್ನು ತೋರಿಸಿ ಇಸವಿಗಳನ್ನು ಬರೆಯಿಸಿದರೆ ನನ್ನ ಕರ್ತವ್ಯ ಮುಗಿಯಿತೆಂದು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಇಂಗ್ಲೆಂಡಿನ ಒಂದು ಹಳ್ಳಿಯ ಪುಟ್ಟ ವಸ್ತುಸಂಗ್ರಹಾಲಯ. ಇಂದು ಅದರ ಕಥೆಯನ್ನು ತಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ನನ್ನ ಮಗಳು ಮತ್ತು ಅಳಿಯ ಶೆಫೀಲ್ಡ್ ನಗರದಲ್ಲಿದ್ದಾರೆ. 2023ರ ಬೇಸಿಗೆಯಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿದ್ದಾಗ, "ಅಪ್ಪಾ, ನೀವು ಇತಿಹಾಸದ ಮೇಷ್ಟ್ರು. ಲಂಡನ್ನಿನ ಅರಮನೆಗಿಂತ ನಿಮಗೆ ಹಿಡಿಸುವ ಊರೊಂದು ಇಲ್ಲೇ ಇದೆ" ಎಂದು ಮಗಳು ಕಾರು ಹತ್ತಿಸಿದಳು. ಗುಡ್ಡಗಳ ನಡುವಿನ ರಸ್ತೆಯಲ್ಲಿ ಒಂದು ಗಂಟೆಯೂ ಹಿಡಿಯದ ಪಯಣ. ಡರ್ಬಿಶೈರ್ ಪ್ರಾಂತ್ಯದ ಆ ಹಳ್ಳಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನಾನು 'ಎಯಾಮ್' ಎಂದು ಓದಿಕೊಂಡಿದ್ದೆ. ಊರಿನವರು ಅದನ್ನು 'ಈಮ್' ಎನ್ನುತ್ತಾರೆ. ಬೂದುಗಲ್ಲಿನ ಮನೆಗಳು, ಹಳೆಯದೊಂದು ಚರ್ಚು, ಹಿಂದೆ ಮೆಥಡಿಸ್ಟ್ ಪಂಥದವರ ಪ್ರಾರ್ಥನಾ ಮಂದಿರವಾಗಿದ್ದ ಒಂದು ಸಾಧಾರಣ ಕಟ್ಟಡ. ಅದರ ನೆತ್ತಿಯ ಮೇಲೆ ಗಾಳಿಯ ದಿಕ್ಕನ್ನು ತೋರುವ ಲೋಹದ ಆಕೃತಿ. ಅಂಥ ಆಕೃತಿ ಸಾಮಾನ್ಯವಾಗಿ ಕೋಳಿಹುಂಜದ್ದಾಗಿರುತ್ತದೆ. ಇಲ್ಲಿ ಅದು ಇಲಿ! ಅದೇ ಈಮ್ ವಸ್ತುಸಂಗ್ರಹಾಲಯ. ಸರ್ಕಾರದ್ದಲ್ಲ, ಶ್ರೀಮಂತರ ಟ್ರಸ್ಟಿನದ್ದೂ ಅಲ್ಲ. ಊರಿನ ಸ್ವಯಂಸೇವಕರು ನಡೆಸುವ ಸಂಸ್ಥೆ. ಚಳಿಗಾಲದಲ್ಲಿ ಮುಚ್ಚಿ ವಸಂತದಲ್ಲಿ ಮತ್ತೆ ತೆರೆಯುತ್ತದೆ.

ಇಲಿ ಏಕೆ ಎಂಬುದನ್ನು ತಿಳಿಯಲು 1665ಕ್ಕೆ ಹೋಗಬೇಕು. ಆ ವರ್ಷ ಲಂಡನ್ನಿನಲ್ಲಿ ಮಹಾಪ್ಲೇಗು ಹಬ್ಬಿ ಒಂದು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. ದೂರದ ಈಮ್‌ಗೆ ಅದು ಬಂದದ್ದು ಒಂದು ಬಟ್ಟೆಯ ಗಂಟಿನಲ್ಲಿ ಎಂದು ಪರಂಪರೆ ಹೇಳುತ್ತದೆ. ಊರಿನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್‌ನ ಮನೆಗೆ ಲಂಡನ್ನಿನಿಂದ ಬಂದ ಒದ್ದೆ ಬಟ್ಟೆಯನ್ನು ಒಣಗಲು ಹರವಿದವನು ಅವನ ಕೈಕೆಳಗಿನ ಕೆಲಸಗಾರ ಜಾರ್ಜ್ ವಿಕರ್ಸ್. ಬಟ್ಟೆಯಲ್ಲಿ ಚಿಗಟಗಳಿದ್ದವು. ಸೆಪ್ಟೆಂಬರ್ 7ರಂದು ವಿಕರ್ಸ್ ತೀರಿಕೊಂಡನು. ಅದೇ ಮನೆಯಲ್ಲಿ ಸೆಪ್ಟೆಂಬರ್ 22ರಂದು ನಾಲ್ಕು ವರ್ಷದ ಎಡ್ವರ್ಡ್ ಕೂಪರ್, ಅಕ್ಟೋಬರ್ 2ರಂದು ಅವನ ಅಣ್ಣ, ಹನ್ನೆರಡು ವರ್ಷದ ಜೊನಾಥನ್ ಸತ್ತರು. ಮರುವರ್ಷದ ಆಗಸ್ಟಿನಲ್ಲಿ ಯಜಮಾನ ಹ್ಯಾಡ್‌ಫೀಲ್ಡ್ ಕೂಡ ಹೋದನು. ಆ ಮನೆಯಲ್ಲಿ ಉಳಿದದ್ದು ಮಕ್ಕಳ ತಾಯಿ ಮೇರಿ ಒಬ್ಬಳೇ. ಅವಳು ಕಳೆದುಕೊಂಡ ಬಂಧುಗಳ ಸಂಖ್ಯೆ ಹದಿಮೂರು.

ಚಳಿಗಾಲದಲ್ಲಿ ರೋಗ ತುಸು ಇಳಿದು, 1666ರ ಬೇಸಿಗೆಯಲ್ಲಿ ಮತ್ತೆ ಕೆರಳಿತು. ಆಗ ಊರಿನ ಪಾದ್ರಿಯಾಗಿದ್ದವನು ವಿಲಿಯಂ ಮಾಂಪೆಸನ್, ಇನ್ನೂ ಮೂವತ್ತು ದಾಟದ ಯುವಕ. ಅವನಿಗಿಂತ ಹಿಂದೆ ಆ ಸ್ಥಾನದಲ್ಲಿದ್ದ ಥಾಮಸ್ ಸ್ಟ್ಯಾನ್ಲಿ ಮತೀಯ ಭಿನ್ನಾಭಿಪ್ರಾಯದಿಂದಾಗಿ ಹುದ್ದೆ ಕಳೆದುಕೊಂಡಿದ್ದರೂ ಊರಿನವರ ಪ್ರೀತಿಯನ್ನು ಉಳಿಸಿಕೊಂಡಿದ್ದನು. ಒಬ್ಬರ ಮುಖ ಒಬ್ಬರು ನೋಡಲಾರದಂತಿದ್ದ ಎರಡು ಪಂಥಗಳ ಈ ಇಬ್ಬರೂ ಆಪತ್ಕಾಲದಲ್ಲಿ ಒಂದಾಗಿ ಜನರ ಮುಂದೆ ನಿಂತರು. ಮೂರು ನಿರ್ಧಾರಗಳಾದವು. ಸತ್ತವರನ್ನು ಚರ್ಚಿನ ಅಂಗಳಕ್ಕೆ ತಾರದೆ ಆಯಾ ಮನೆಯವರೇ ತೋಟದಲ್ಲಿಯೋ ಹೊಲದಲ್ಲಿಯೋ ಹೂಳಬೇಕು. ಚರ್ಚಿಗೆ ಬೀಗ ಹಾಕಿ, ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಿನಲ್ಲಿ ಕುಟುಂಬ ಕುಟುಂಬಗಳು ದೂರ ದೂರ ನಿಂತು ಪ್ರಾರ್ಥಿಸಬೇಕು. ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು: ಯಾರೂ ಊರಿನ ಎಲ್ಲೆ ದಾಟಬಾರದು.

ಚಾಟ್ಸ್‌ವರ್ತ್ ಭವನದಲ್ಲಿದ್ದ ಡೆವನ್‌ಶೈರಿನ ಅರ್ಲ್ ಆಹಾರ ಕಳುಹಿಸಿದನು. ನೆರೆಯೂರಿನವರು ಎಲ್ಲೆಯಲ್ಲಿ ಸಾಮಾನು ಇಟ್ಟು ಹೋಗುತ್ತಿದ್ದರು. ಸ್ಟೋನಿ ಮಿಡಲ್‌ಟನ್ ಎಂಬ ಪಕ್ಕದ ಊರಿನ ದಾರಿಯಲ್ಲಿ ಇಂದಿಗೂ ಒಂದು ಗಡಿಕಲ್ಲಿದೆ. ಅದರಲ್ಲಿ ಕೊರೆದ ಗುಳಿಗಳಿವೆ. ಆ ಗುಳಿಗಳಿಗೆ ವಿನೆಗರ್ ತುಂಬಿ ಸಾಮಾನಿನ ಬೆಲೆಯ ನಾಣ್ಯಗಳನ್ನು ಅದರಲ್ಲಿ ಮುಳುಗಿಸಿ ಇಡುತ್ತಿದ್ದರಂತೆ. ನಾನು ಆ ಗುಳಿಯೊಂದರಲ್ಲಿ ಬೆರಳಿಟ್ಟು ನೋಡಿದೆ. ಮಳೆನೀರು ನಿಂತಿತ್ತು.

1666ರ ಆಗಸ್ಟ್ ಒಂದೇ ತಿಂಗಳಲ್ಲಿ 78 ಜನ ಸತ್ತರು. ಊರಿನ ಹೊರಗಿನ ರೈಲಿ ಎಂಬ ತೋಟದ ಮನೆಯ ಎಲಿಜಬೆತ್ ಹ್ಯಾಂಕಾಕ್ ಎಂಬ ಹೆಣ್ಣುಮಗಳು ಆಗಸ್ಟ್ 3ರಿಂದ 10ರ ಒಳಗೆ, ಎಂಟು ದಿನಗಳಲ್ಲಿ, ತನ್ನ ಗಂಡನನ್ನೂ ಆರು ಮಕ್ಕಳನ್ನೂ ಹೂಳಿದಳು. ಹೆಗಲು ಕೊಡಲು ಯಾರೂ ಇರಲಿಲ್ಲ. ಆ ಸಮಾಧಿಗಳ ಸುತ್ತ ಈಗ ಗಿಡ್ಡ ಕಲ್ಲುಗೋಡೆಯಿದೆ. ಅವಳು ಬದುಕುಳಿದು, ಶೆಫೀಲ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ಉಳಿದೊಬ್ಬ ಮಗನ ಬಳಿಗೆ ಹೋದಳೆಂದು ಹೇಳುತ್ತಾರೆ. ಆಗಸ್ಟ್ 25ರಂದು ಪಾದ್ರಿಯ ಪತ್ನಿ ಕ್ಯಾಥರೀನ್ ಕೂಡ ತೀರಿಕೊಂಡಳು. ನವೆಂಬರ್ ಮೊದಲ ವಾರದ ಹೊತ್ತಿಗೆ ಮಾರಿ ತಣಿಯಿತು. ಹದಿನಾಲ್ಕು ತಿಂಗಳಲ್ಲಿ ಸತ್ತವರು 260.

ಇದು ಬರಿಯ ತ್ಯಾಗದ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಪಾದ್ರಿ ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಮೊದಲೇ ಊರ ಹೊರಗೆ ಕಳುಹಿಸಿದ್ದನು. ರೋಗ ತಗುಲಿಯೂ ಬದುಕುಳಿದ ಮಾರ್ಷಲ್ ಹೌ ಎಂಬ ಗಟ್ಟಿಗ, ತನಗಿನ್ನು ಭಯವಿಲ್ಲವೆಂದು ದಿಕ್ಕಿಲ್ಲದ ಹೆಣಗಳನ್ನು ಹೂಳುತ್ತ, ಕೂಲಿಯಾಗಿ ಸತ್ತವರ ಸಾಮಾನುಗಳನ್ನು ಮನೆಗೆ ಒಯ್ಯುತ್ತಿದ್ದನು. ಕೊನೆಗೆ ಅವನ ಹೆಂಡತಿಯೂ ಮಗನೂ ಪ್ಲೇಗಿಗೇ ತುತ್ತಾದರು. ಊರಿನ ಜನಸಂಖ್ಯೆ 350 ಇತ್ತು, ಉಳಿದವರು 83 ಮಾತ್ರ ಎಂಬ ಲೆಕ್ಕ ಬಹುಕಾಲ ಪ್ರಚಾರದಲ್ಲಿತ್ತು. ತೆರಿಗೆಯ ದಾಖಲೆಗಳನ್ನು ಪರಿಶೀಲಿಸಿದ ಮೇಲೆ ಜನಸಂಖ್ಯೆ 700ರ ಆಸುಪಾಸಿನಲ್ಲಿತ್ತೆಂದು ಈಗ ಹೇಳುತ್ತಾರೆ. ದಿಗ್ಬಂಧನವೆಲ್ಲ ಸ್ವಯಂಪ್ರೇರಿತವೇ ಆಗಿತ್ತೇ ಎಂಬ ಪ್ರಶ್ನೆಯನ್ನೂ ಇತಿಹಾಸಕಾರರು ಎತ್ತಿದ್ದಾರೆ. ಆ ದಿಗ್ಬಂಧನದಿಂದ ಊರಿನೊಳಗಿನವರ ಸಾವು ಹೆಚ್ಚಿತೇ ಎಂಬುದೂ ಚರ್ಚೆಯಲ್ಲಿದೆ. 2016ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನವು ಅಲ್ಲಿನ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಲಿಯಿಂದಲ್ಲ, ಮನುಷ್ಯರಿಂದ ಮನುಷ್ಯರಿಗೇ ದಾಟಿದ್ದಿರಬೇಕೆಂದು ಲೆಕ್ಕ ಹಾಕಿತು.

ನಾನು ಯೋಚಿಸಿದ್ದು ಬೇರೆಯೇ. ಮುನ್ನೂರೈವತ್ತು ವರ್ಷಗಳ ಹಿಂದೆ ಸತ್ತ ಒಂದು ಹಳ್ಳಿಯ ದರ್ಜಿಯ ಮನೆಯ ಮಗುವಿನ ವಯಸ್ಸು ನಾಲ್ಕು ಎಂಬುದು ಇಂದಿಗೂ ತಿಳಿದಿದೆಯಲ್ಲ! 2016ರ ವಿಜ್ಞಾನಿಗಳು ಲೆಕ್ಕ ಹಾಕಲು ಸಾಧ್ಯವಾದುದು ಹೇಗೆ? ಚರ್ಚಿನ ಮರಣ ನೋಂದಣಿಯಲ್ಲಿ ಒಂದೊಂದು ಹೆಸರು, ಒಂದೊಂದು ದಿನಾಂಕ ಉಳಿದಿದ್ದುದರಿಂದ. ಸತ್ತವರನ್ನು ಹೂಳಲು ಜನವಿಲ್ಲದ ಊರಿನಲ್ಲಿಯೂ ಯಾರೋ ಹೆಸರು ಬರೆದಿಟ್ಟಿದ್ದರು.

ವಸ್ತುಸಂಗ್ರಹಾಲಯದ ಒಳಗೆ ಆ ಹೆಸರುಗಳೇ ಮುಖ್ಯ. ಬೆಲೆಬಾಳುವ ವಸ್ತುಗಳೆಂದು ಹೇಳುವಂಥವು ಹೆಚ್ಚಿಲ್ಲ. ಯಾವ ಮನೆಯಲ್ಲಿ ಯಾರು, ಯಾವ ದಿನ, ಎಷ್ಟನೆಯ ವಯಸ್ಸಿನಲ್ಲಿ ಎಂಬುದನ್ನು ಕುಟುಂಬವಾರು ಫಲಕಗಳಲ್ಲಿ ನಿರೂಪಿಸಿದ್ದಾರೆ. ಪ್ಲೇಗಿನ ನಂತರದ ಬದುಕಿಗೂ ಜಾಗವಿದೆ: ಸೀಸದ ಗಣಿ, ರೇಷ್ಮೆ ನೇಯ್ಗೆ, ಪಾದರಕ್ಷೆಯ ಕಾರ್ಖಾನೆ. ಊರು ಸಾಯಲಿಲ್ಲ, ದುಡಿಯಿತು ಎಂಬುದು ಆ ವಸ್ತುಗಳ ತಾತ್ಪರ್ಯ.

ಟಿಕೆಟ್ಟಿನ ಮೇಜಿನ ಬಳಿ ಎಪ್ಪತ್ತು ದಾಟಿದ ಒಬ್ಬ ಮಹಿಳೆ ಕುಳಿತಿದ್ದರು. ನಾನು ಎರಡು ಗಂಟೆಗೂ ಹೆಚ್ಚು ಕಾಲ ಒಂದೊಂದು ಫಲಕವನ್ನೂ ಓದುತ್ತಿದ್ದುದನ್ನು ಗಮನಿಸಿ, ಹೊರಡುವಾಗ ಮಾತಿಗೆಳೆದರು. ನಾನು ಭಾರತದವನೆಂದೂ ನಿವೃತ್ತ ಶಿಕ್ಷಕನೆಂದೂ ಹೇಳಿದೆ. ನಮ್ಮ ಅಜ್ಜಿಯ ಕಾಲದಲ್ಲಿ ನಮ್ಮೂರಿಗೂ ಪ್ಲೇಗು ಬಂದಿತ್ತೆಂದು ತಿಳಿಸಿದೆ. ಅವರು ಸಹಜವಾಗಿ ಕೇಳಿದರು: "ಹೌದೇ? ಸತ್ತವರ ಹೆಸರುಗಳು ನಿಮ್ಮ ಊರಿನಲ್ಲಿ ಎಲ್ಲಿವೆ?"

ನಾನು ಉತ್ತರಿಸಲಿಲ್ಲ. ಉತ್ತರವಿರಲಿಲ್ಲ.

ನಮ್ಮ ನಾಡಿನ ಪ್ಲೇಗಿನ ಕಥೆಯೇನೂ ಸಣ್ಣದಲ್ಲ. 1896ರಲ್ಲಿ ಮುಂಬಯಿಗೆ ಬಂದ ಆ ಮಾರಿ ಹುಬ್ಬಳ್ಳಿ-ಧಾರವಾಡಗಳನ್ನು ಹಾದು, ರೈಲು ಹತ್ತಿ, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಅಲ್ಲಿಂದ ಮೈಸೂರು ಸಂಸ್ಥಾನದ ಊರೂರಿಗೆ ಹರಡಿ, ಹಲವು ದಶಕಗಳವರೆಗೆ ಬಂದು ಬಂದು ಹೋಯಿತು. ಇಡೀ ಭಾರತದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆಂಬುದನ್ನು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋಂ 1898ರಲ್ಲಿ ಕಂಡುಕೊಂಡದ್ದು ನಮ್ಮದೇ ಉಪಖಂಡದ ಕರಾಚಿಯಲ್ಲಿ. ಅದಕ್ಕೂ ಮುನ್ನ ನಮ್ಮ ಹಳ್ಳಿಗರಿಗೆ ಅನುಭವದಿಂದ ಒಂದು ಮಾತು ಗೊತ್ತಿತ್ತು: ಮನೆಯಲ್ಲಿ ಇಲಿ ಬಿತ್ತೆಂದರೆ ಮನೆ ಬಿಡಬೇಕು. ಸೂರಿನಿಂದ ಇಲಿ ಸತ್ತು ಬಿದ್ದೊಡನೆ ಊರಿಗೆ ಊರೇ ಎದ್ದು, ಹೊಲದಲ್ಲಿ ಸೋಗೆಯ ಶೆಡ್ಡು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಈಮ್‌ನವರು ಪರರನ್ನು ಉಳಿಸಲು ಊರೊಳಗೆ ಉಳಿದರು. ನಮ್ಮವರು ತಾವು ಉಳಿಯಲು ಊರು ಬಿಟ್ಟರು. ಎರಡರ ಹಿಂದೆಯೂ ವಿವೇಕವಿತ್ತು, ಎರಡರಲ್ಲಿಯೂ ಕಣ್ಣೀರಿತ್ತು. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಓದಿದವರಿಗೆ ಆ ಶೆಡ್ಡುಗಳ ಚಿತ್ರ ಮರೆತಿರಲಾರದು.

ನನ್ನ ಅಜ್ಜಿ ತುಮಕೂರು ಜಿಲ್ಲೆಯ ಒಂದು ಹಳ್ಳಿಯವರು. ರಾಗಿಯ ಹೊಲದ ಶೆಡ್ಡಿನಲ್ಲಿ ತಮ್ಮ ಅಣ್ಣನೂ ತಂಗಿಯೂ ಒಂದೇ ವಾರದಲ್ಲಿ ಹೋದುದನ್ನು ಅವರು ಹೇಳುತ್ತಿದ್ದರು. "ಕಂಕುಳಲ್ಲಿ ಗೆಡ್ಡೆ ಬಂತು ಕಣಪ್ಪಾ, ಮೂರು ದಿನ" ಎಂದಷ್ಟೇ ಹೇಳಿ ಅಕ್ಕಿ ಆರಿಸುವುದನ್ನು ಮುಂದುವರಿಸುತ್ತಿದ್ದರು. ಅವರ ಬಾಯಲ್ಲಿ ಆ ಇಬ್ಬರೂ 'ನಮ್ಮಣ್ಣ', 'ನಮ್ಮ ಪುಟ್ಟಿ'. ಅವರ ಹೆಸರೇನೆಂದು ನಾನು ಒಮ್ಮೆಯೂ ಕೇಳಲಿಲ್ಲ. ಪಾಣಿಪತ್ತಿನ ಮೂರು ಯುದ್ಧಗಳ ಇಸವಿಗಳನ್ನು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಇತಿಹಾಸದ ಮೇಷ್ಟ್ರು ನಾನು!

ಇನ್ನೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. 1996ರಲ್ಲಿ, ನಾನು ಕೆಲಸ ಮಾಡುತ್ತಿದ್ದ ಒಂದು ಗ್ರಾಮಾಂತರ ಪ್ರೌಢಶಾಲೆಯಲ್ಲಿ, ಬಳಕೆಯಲ್ಲಿಲ್ಲದ ಒಂದು ಕೋಣೆಯ ಬೀರುವಿನಲ್ಲಿ 'ನಮ್ಮ ಊರಿನ ಇತಿಹಾಸ' ಎಂಬ ಚಿಕ್ಕ ಸಂಗ್ರಹವನ್ನು ಆರಂಭಿಸಿದೆ. ಮಕ್ಕಳು ತಂದದ್ದು ಒಂದೇ ಎರಡೇ? ಸೇರು, ಪಾವು, ಚಟಾಕು, ಕಂಠ, ದೌತಿ, ತೂತಿನ ಕಾಸು, ಬೀಸುವ ಕಲ್ಲಿನ ಗೂಟ, ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿದ್ದ ಓಲೆಗರಿ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ತನ್ನ ಮುತ್ತಜ್ಜನ ಅಂಗಡಿಯ ಲೆಕ್ಕದ ಪುಸ್ತಕವನ್ನು ತಂದನು. ತೆಂಗಿನಕಾಯಿ, ಬೆಲ್ಲ, ಸೀಮೆಎಣ್ಣೆಯ ಬಾಕಿಯ ಲೆಕ್ಕಗಳ ನಡುವೆ ಒಂದು ಪುಟದಲ್ಲಿ ಬಾಕಿದಾರರ ಹೆಸರುಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಪಲೇಗಿನಲ್ಲಿ ಹೋದರು' ಎಂದು ಬರೆದಿತ್ತು. ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಕೆಳಗೆ ಬಾಕಿಯ ಮೊತ್ತವನ್ನು ಕೂಡಿಸಿ, ಅದನ್ನೂ ಹೊಡೆದುಹಾಕಿದ್ದನು ಆ ಪುಣ್ಯಾತ್ಮ.

ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮಕ್ಕಳು ಸದ್ದಿಲ್ಲದೆ ಕೇಳಿದರು. ಓದಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಕಲು ಮಾಡಿಕೊಳ್ಳಲಿಲ್ಲ. ನಾಲ್ಕು ವರ್ಷಗಳ ನಂತರ ನನಗೆ ವರ್ಗವಾಯಿತು. ಬೀಗದ ಕೈಯನ್ನು ಕಚೇರಿಗೆ ಒಪ್ಪಿಸಿ ಬಂದೆ. ಮುಂದೆ ಯಾವುದೋ ಸಮಾರಂಭಕ್ಕೆ ಹೋದಾಗ ನೋಡಿದರೆ ಆ ಕೋಣೆ ಬೇರೆ ಉಪಯೋಗಕ್ಕೆ ಹೋಗಿತ್ತು, ಬೀರು ಇರಲಿಲ್ಲ. ಸಾಮಾನು ಏನಾಯಿತೆಂದು ಹೇಳಬಲ್ಲವರೂ ಇರಲಿಲ್ಲ. ಬಹುಕಾಲ ಆ ಶಾಲೆಯವರ ಮೇಲೆ ನನಗೆ ಸಿಟ್ಟಿತ್ತು. ಈಮ್‌ಗೆ ಹೋಗಿ ಬಂದ ಮೇಲೆ ಆ ಸಿಟ್ಟು ನನ್ನ ಕಡೆಗೆ ತಿರುಗಿದೆ. ಸಂಗ್ರಹ 'ಮೇಷ್ಟ್ರ ಬೀರು' ಆಗಿತ್ತೇ ಹೊರತು ಊರಿನದಾಗಿರಲಿಲ್ಲ. ಮೇಷ್ಟ್ರು ಹೋದರು, ಬೀರು ಹೋಯಿತು.

ಈಮ್ ವಸ್ತುಸಂಗ್ರಹಾಲಯದ ಆರಂಭವೂ ಒಬ್ಬ ವ್ಯಕ್ತಿಯಿಂದಲೇ ಆದದ್ದು. ಕ್ಲಾರೆನ್ಸ್ ಡೇನಿಯಲ್ ಎಂಬ ಸ್ಥಳೀಯ ಇತಿಹಾಸಕಾರರು ತಮ್ಮ ಊರಿನ ವಸ್ತುಗಳನ್ನೂ ಕಾಗದಪತ್ರಗಳನ್ನೂ ಖನಿಜಗಳನ್ನೂ ಜೀವಮಾನವೆಲ್ಲ ಕೂಡಿಸಿ, ಮನೆಯಲ್ಲೇ ಒಂದು ಖಾಸಗಿ ಸಂಗ್ರಹವಾಗಿ ಇಟ್ಟುಕೊಂಡಿದ್ದರು. 1987ರಲ್ಲಿ ಅವರು ತೀರಿಕೊಂಡರು. ಇಂಥ ಸಂಗ್ರಹಗಳು ಗುಜರಿಗೆ ಹೋಗುವುದು ಸಾಮಾನ್ಯವಾಗಿ ಈ ಘಟ್ಟದಲ್ಲಿಯೇ. ಆದರೆ ಅಲ್ಲಿ ಆ ಸಂಗ್ರಹ ಊರಿನ ಕೈಗೆ ಬಂತು, ಹಳೆಯ ಪ್ರಾರ್ಥನಾ ಮಂದಿರ ಅದಕ್ಕೆ ನೆಲೆಯಾಯಿತು, 1994ರಲ್ಲಿ ಬಾಗಿಲು ತೆರೆಯಿತು. ಇಂದು ಟಿಕೆಟ್ಟು ಹರಿಯುವವರು, ಶಾಲಾ ಮಕ್ಕಳಿಗೆ ವಿವರಿಸುವವರು ಎಲ್ಲರೂ ತಮ್ಮ ಸರದಿಯ ದಿನದಂದು ಬಂದು ಕುಳಿತುಕೊಳ್ಳುವ ಸಾಮಾನ್ಯರು.

ನಮ್ಮಲ್ಲಿ ಇಂಥ ಸಂಕಲ್ಪವಿಲ್ಲವೆಂದು ನಾನು ಹೇಳುತ್ತಿಲ್ಲ. ಅದೇ 1994ರಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರ ಕನಸಾದ ಜಾನಪದ ಲೋಕ ಉದ್ಘಾಟನೆಯಾಯಿತು. ನೊಗ, ನೇಗಿಲು, ಒನಕೆಗಳಿಗೂ ಗೌರವದ ಸ್ಥಾನವಿದೆಯೆಂದು ಅದು ನಾಡಿಗೆ ತೋರಿಸಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರುಕಟ್ಟಿದರು. ಅವು ದೊಡ್ಡವರ ದೊಡ್ಡ ಕೆಲಸಗಳು. ನಾನು ಹೇಳುತ್ತಿರುವುದು ಒಂದೇ ಹಳ್ಳಿಗೆ ಸೇರಿದ, ಒಂದು ಕೋಣೆಯಷ್ಟು ಜಾಗ ಸಾಕಾಗುವ ಕೆಲಸದ ಬಗ್ಗೆ. ಅದಕ್ಕೆ ಬೇಕಾದದ್ದು ಒಬ್ಬ ಉತ್ಸಾಹಿಯಲ್ಲ, ಅವನ ನಂತರ ಬೀಗದ ಕೈ ತೆಗೆದುಕೊಳ್ಳುವ ನಾಲ್ಕು ಜನ.

ಪ್ಲೇಗಿನ ಊರೆಂಬ ಹೆಸರನ್ನು ಹೊತ್ತುಕೊಳ್ಳುವುದು ಹಿಂದೆ ಅಲ್ಲಿಯೂ ಸುಲಭವಾಗಿರಲಿಲ್ಲ. ಮಾಂಪೆಸನ್ ಕೆಲವು ವರ್ಷಗಳ ಬಳಿಕ ಈಕ್ರಿಂಗ್ ಎಂಬ ಬೇರೊಂದು ಊರಿಗೆ ಪಾದ್ರಿಯಾಗಿ ಹೋದಾಗ, ಅಲ್ಲಿನವರು ಹೆದರಿ ಅವನನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದರೆಂಬ ಪ್ರತೀತಿಯಿದೆ. ಅಂಥ ಕಳಂಕವನ್ನೇ ಇಂದು ಈಮ್ ಗೌರವದಿಂದ ನೆನೆಯುತ್ತದೆ. ಪ್ರತಿ ವರ್ಷ ಆಗಸ್ಟಿನ ಕೊನೆಯ ಭಾನುವಾರ ಅದೇ ಕಣಿವೆಯಲ್ಲಿ ಸ್ಮರಣೆಯ ಪ್ರಾರ್ಥನೆ ನಡೆಯುತ್ತದೆ. ನಮ್ಮಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳಿವೆ, ಪೂಜೆಯೂ ನಡೆಯುತ್ತದೆ. ಅಮ್ಮನ ಹೆಸರು ಉಳಿಯಿತು, ಅವಳ ಮಡಿಲಿಗೆ ಹೋದ ಮಕ್ಕಳ ಹೆಸರು ಉಳಿಯಲಿಲ್ಲ. 2020-21ರ ಕೊರೋನಾ ಕಾಲದಲ್ಲಿ ಸತ್ತವರ ಹೆಸರುಗಳನ್ನಾದರೂ ನಾವು ಒಂದೆಡೆ ಬರೆದಿಟ್ಟಿದ್ದೇವೆಯೇ? ಸರ್ಕಾರದ ದಫ್ತರದಲ್ಲಿ ಅಂಕಿಯಿರಬಹುದು. ಊರಿನ ಮಕ್ಕಳು ಹೋಗಿ ಓದುವಂಥ ಜಾಗದಲ್ಲಿ ಇಲ್ಲ.

ಊರಿಗೆ ಮರಳಿದ ಮೇಲೆ ಒಂದು ದಿನ ಬಸ್ಸು ಹತ್ತಿ ಆ ಹಳೆಯ ಶಾಲೆಯ ಊರಿಗೆ ಹೋದೆ. ಅಂದಿನ ಒಂಬತ್ತನೆಯ ತರಗತಿಯ ಹುಡುಗ ಈಗ ಅದೇ ಬೀದಿಯಲ್ಲಿ ಅಂಗಡಿ ಇಟ್ಟಿದ್ದಾನೆ, ತಲೆ ನರೆತಿದೆ. ಪುಸ್ತಕ ಕಳೆದದ್ದಕ್ಕೆ ನಾನು ಕ್ಷಮೆ ಕೇಳಿದೆ. "ಬಿಡಿ ಸಾರ್, ನಮ್ಮ ಮನೇಲಿದ್ದಿದ್ರೂ ಗೆದ್ದಲು ತಿಂದಿರೋದು" ಎಂದು ಕುರ್ಚಿ ಕೊಟ್ಟು ಕಾಫಿ ತರಿಸಿದನು. ನಂತರ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಾತ ಹೇಳುತ್ತಿದ್ದ ಮೂರು ಹೆಸರುಗಳನ್ನು ನೆನಪಿಸಿಕೊಂಡನು. ಎದುರುಮನೆಯ ಅಜ್ಜಿಯೊಬ್ಬರು ಇನ್ನೆರಡನ್ನು ಸೇರಿಸಿದರು. ಮುಂದಿನ ತಿಂಗಳುಗಳಲ್ಲಿ ಹೋಗಿ ಬಂದು ಹನ್ನೊಂದಾಗಿವೆ. ಈ ಬಾರಿ ನಕಲುಗಳನ್ನು ಮಾಡಿಸಿ ಒಂದನ್ನು ಅವನಿಗೆ, ಒಂದನ್ನು ಊರಿನ ಗ್ರಂಥಾಲಯಕ್ಕೆ, ಒಂದನ್ನು ಮಾರಮ್ಮನ ಗುಡಿಯ ಪೂಜಾರರಿಗೆ ಕೊಟ್ಟಿದ್ದೇನೆ.

ನನ್ನ ಅಜ್ಜಿಯ ಅಣ್ಣನ ಹೆಸರು, ಆ ಪುಟ್ಟಿಯ ಹೆಸರು ಇನ್ನು ಸಿಗುವುದಿಲ್ಲ. ಬಲ್ಲವರು ಯಾರೂ ಉಳಿದಿಲ್ಲ. ತಮ್ಮ ಮನೆಯ ಅಟ್ಟದ ಮೇಲೆ ಹಳೆಯ ಲೆಕ್ಕದ ಪುಸ್ತಕವೋ ಕಾಗದದ ಕಟ್ಟೋ ಇದ್ದರೆ, ಮುಂದಿನ ಹಬ್ಬಕ್ಕೆ ಧೂಳು ಹೊಡೆಯುವಾಗ ದಯಮಾಡಿ ಒಮ್ಮೆ ಬಿಚ್ಚಿ ನೋಡಿರಿ. ಹಿರಿಯರು ಮನೆಯಲ್ಲಿದ್ದರೆ ಹಬ್ಬದವರೆಗೂ ಕಾಯದೆ, ಇಂದೇ ಕೇಳಿರಿ.